ಹಳೆಯ ಆಟಿಕೆ ರೈಲಿಗೆ ಕರೆಂಟ್ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಹಿರಿಯರಿಂದ ಬಂದ ಆಟಿಕೆ ರೈಲು ಸೆಟ್ಟು ಹಲವು ದಶಕ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದು, ಕೈಗೆ ಸಿಕ್ಕ ದಿನವೇ ಸುಟ್ಟುಹೋಗುವುದುಂಟು. ‘ಓಡುತ್ತದೆಯೇ ನೋಡೋಣ’ ಎಂಬ ಆತುರವೇ ಇದಕ್ಕೆ ಕಾರಣ. ಹಳೆಯ ಟ್ರಾನ್ಸ್‌ಫಾರ್ಮರಿನ ವೈರುಗಳ ರಬ್ಬರ್ ಪುಡಿಯಾಗಿರುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಪ್ಲಗ್ಗಿಗೆ ಹಾಕಲೇಬಾರದು.

ಮೊದಲು ಬೇಕಾದದ್ದು ಒಂದು ಸ್ಕೇಲು. ಚಕ್ರ ಓಡುವ ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ ಅಳೆಯಿರಿ. 32 ಮಿ.ಮೀ. ಇದ್ದರೆ ಓ ಗೇಜ್, 22.5 ಇದ್ದರೆ ಎಸ್, 16.5 ಇದ್ದರೆ ಎಚ್‌ಓ ಅಥವಾ ಓಓ, 12 ಇದ್ದರೆ ಟಿಟಿ, 9 ಇದ್ದರೆ ಎನ್.

ನಿಜವಾದ ಗೊಂದಲ 16.5ರಲ್ಲಿದೆ. 1938ರಲ್ಲಿ ಬಂದ, ನಡುವೆ ಕರೆಂಟಿಗೆಂದೇ ಮೂರನೆಯ ಹಳಿ ಇರುವ ಬ್ರಿಟನ್ನಿನ ಹಾರ್ನ್‌ಬಿ ಡಬ್ಲೋ 12 ವೋಲ್ಟ್ ಡಿಸಿಯಲ್ಲಿ (ಒಂದೇ ದಿಕ್ಕಿನ ಕರೆಂಟ್) ಓಡುತ್ತದೆ. ಅದೇ ಅಳತೆಯ, ಜರ್ಮನಿಯ ಹಳೆಯ ಮಾರ್ಕ್ಲಿನ್‌ಗೆ 16 ವೋಲ್ಟ್ ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್) ಬೇಕು. ಡಬ್ಲೋಗೆ ಎಸಿ ಕೊಟ್ಟರೆ ಎಂಜಿನ್ ಕದಲದೆ ಗುಂಯ್‌ಗುಡುತ್ತದೆ, ಕಾಯಿಲ್ ಬಿಸಿಯಾಗುತ್ತದೆ, ಅಯಸ್ಕಾಂತದ ಶಕ್ತಿ ಕುಂದುತ್ತದೆ. ಎಂಜಿನ್ ತಿರುವಿ ಹಾಕಿ ನೋಡಿ: ಹೊಟ್ಟೆಯುದ್ದಕ್ಕೂ ಒಂದೇ ಉದ್ದನೆಯ ಲೋಹದ ಪಟ್ಟಿ ಇದ್ದರೆ ಅದು ಹಳಿಯ ನಡುವಿನ ಮೊಳೆಗಳಿಂದ ಕರೆಂಟ್ ಪಡೆಯುವ ಮಾರ್ಕ್ಲಿನ್ ಮಾದರಿ. ಡಬ್ಲೋ 1959ರಲ್ಲಿ ಎರಡು ಹಳಿಗೂ ಬಂತು. ಮೂರು ಹಳಿಯ ಎಂಜಿನ್ನಿನ ಎಡ-ಬಲ ಚಕ್ರಗಳ ನಡುವೆ ಇನ್ಸುಲೇಷನ್ ಇಲ್ಲದ್ದರಿಂದ ಎರಡು ಹಳಿಯ ಮೇಲಿಟ್ಟ ಕೂಡಲೇ ಶಾರ್ಟ್ ಆಗುತ್ತದೆ.

ಅಮೆರಿಕದ ಲಯೊನೆಲ್ ಸೆಟ್ಟುಗಳಲ್ಲಿ ಬೋಗಿಯ ಮೇಲೆ ‘ಬಿಲ್ಟ್’ ಎಂದು ಅಚ್ಚಾದ ತಿಂಗಳು-ವರ್ಷವನ್ನು ತಯಾರಾದ ದಿನಾಂಕವೆಂದು ನಂಬಬೇಡಿ. ಯಾವ ಕಾಲದ್ದೆಂದು ತಿಳಿಯಲು ಅದಕ್ಕಿಂತ ಬೋಗಿಗಳನ್ನು ಜೋಡಿಸುವ ಕೊಂಡಿ ನಂಬಿಕಸ್ಥ ಸಾಕ್ಷಿ. ಕಳೆದುಹೋದ ಬೋಗಿಗೆ ಬದಲಿ ಕೊಳ್ಳುವಾಗ ಬಣ್ಣ ಹೊಂದಿದರೆ ಸಾಲದು, ಕೊಂಡಿಯ ಮಾದರಿ ಹೊಂದಬೇಕು. ಇಲ್ಲದಿದ್ದರೆ ಬೋಗಿ ಎಂಜಿನ್ನಿಗೆ ಸಿಕ್ಕಿಕೊಳ್ಳುವುದೇ ಇಲ್ಲ. ಹಳಿಯಲ್ಲೂ ಇದೇ ಎಚ್ಚರ: ಲಯೊನೆಲ್‌ನ ಓ ಮತ್ತು ಓ-27 ಎರಡರ ಗೇಜೂ 32 ಮಿ.ಮೀ. ಆದರೂ ಎತ್ತರ ಸುಮಾರು 17.5 ಮತ್ತು 11 ಮಿ.ಮೀ. ಹೀಗಾಗಿ ನೇರವಾಗಿ ಜೋಡಿಸಲಾಗದು. ವೃತ್ತಕ್ಕೆ ಲಯೊನೆಲ್‌ನ ಈ ಎರಡರಲ್ಲೂ 8 ಬಾಗು ಹಳಿ ಸಾಕು, ಮಾರ್ಕ್ಲಿನ್‌ನ ಹಳೆಯ ತಗಡಿನ ಹಳಿಗಾದರೆ 12 ಬೇಕು. ಎಷ್ಟು ಕಡಿಮೆ ಬಿದ್ದಿವೆ ಎಂದು ಎಣಿಸಿಯೇ ಖರೀದಿಗೆ ಹೋಗಿ.

ಎರಡನೇ ಮಹಾಯುದ್ಧಕ್ಕೂ ಹಿಂದಿನ ಸೆಟ್ಟುಗಳ ಚಕ್ರ, ಚಾಸಿಗಳಲ್ಲಿ (ಅಡಿಚೌಕಟ್ಟು) ಕೂದಲೆಳೆಯ ಬಿರುಕು, ಉಬ್ಬು ಕಂಡರೆ ಅದು ಸತುವಿನ ಮಿಶ್ರಲೋಹಕ್ಕೆ ಸೀಸ ಸೇರಿದ್ದರ ಫಲ. ಇದಕ್ಕೆ ಅಂಟು, ಬೆಸುಗೆ ಯಾವುದೂ ನಿಲ್ಲದು. ಆ ಬಿಡಿಭಾಗವನ್ನೇ ಬದಲಿಸಬೇಕು. ಪಕ್ಕದ ಬೋಗಿಗೆ ಇದು ಅಂಟುತ್ತದೆಂಬ ಭಯ ಮಾತ್ರ ಬೇಡ.

ಹಳಿ ಉಜ್ಜಲು ಸ್ಟೀಲ್ ವುಲ್ (ಉಕ್ಕಿನ ಎಳೆಗಳ ಉಂಡೆ) ಬೇಡವೇ ಬೇಡ. ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ ಹಳಿಗೆ ಒಳ್ಳೆಯದು, ಬೋಗಿಗೆ ಕೆಟ್ಟದ್ದು: ಅಕ್ಷರ, ಲಾಂಛನ ಅಳಿಸಿಹೋಗುತ್ತವೆ. ಬೇರಿಂಗಿಗೆ ಸೂಜಿಮೊನೆಯಲ್ಲಿ ಒಂದು ಹನಿ ತೆಳು ಎಣ್ಣೆ ಸಾಕು. ಹೆಚ್ಚಾದರೆ ಬ್ರಷ್ಷು ತಾಗುವ ತಾಮ್ರದ ಕಮ್ಯುಟೇಟರಿಗೆ ಹರಿದು ಕಾರ್ಬನ್ ಬ್ರಷ್ಷಿನ ಪುಡಿಯೊಂದಿಗೆ ಅಂಟಾಗುತ್ತದೆ. ಡಬ್ಲೋ ಮೋಟಾರಿನಿಂದ ಆರ್ಮೇಚರ್ (ತಿರುಗುವ ಕಾಯಿಲ್ ಭಾಗ) ಎಳೆಯಬೇಕಾಗಿ ಬಂದರೆ ಅಯಸ್ಕಾಂತದ ಎರಡು ತುದಿ ಸೇರುವಂತೆ ಕಬ್ಬಿಣದ ತುಂಡು ಕೊಟ್ಟಿಡಿ, ಇಲ್ಲವಾದರೆ ಅಯಸ್ಕಾಂತ ದುರ್ಬಲವಾಗುತ್ತದೆ. ಬಣ್ಣ ಎಷ್ಟೇ ಮಾಸಿರಲಿ, ಮರುಬಣ್ಣ ಹಚ್ಚಬೇಡಿ. ಮೂಲ ಬಣ್ಣ ಹೋದರೆ ಸಂಗ್ರಾಹಕರ ಪಾಲಿಗೆ ಅದರ ಬೆಲೆಯೂ ಹೋದಂತೆ.

ಹರಿದ ಖಾಲಿ ರಟ್ಟಿನ ಪೆಟ್ಟಿಗೆಯನ್ನೂ ರದ್ದಿಗೆ ಹಾಕಬಾರದು. ಸೆಟ್ಟಿನ ನಂಬರು ಬಹುಪಾಲು ಅದರ ತುದಿಯಲ್ಲಿರುತ್ತದೆ. ಆ ನಂಬರಿನಿಂದ ತಯಾರಕರ ಹಳೆಯ ಕ್ಯಾಟಲಾಗಿನಲ್ಲಿ ಹುಡುಕಿದರೆ ಮೂಲದಲ್ಲಿ ಯಾವ ಬೋಗಿ, ಎಷ್ಟು ಹಳಿ ಇದ್ದವೆಂಬ ಪಟ್ಟಿ ಸಿಗುತ್ತದೆ.

– ಹಳೆಯ ಆಟಿಕೆ ರೈಲುಗಳ ಆಸಕ್ತ ಓದುಗ