ಲಕ್ಯಾ ಡ್ಯಾಂ ಬಗ್ಗೆ ನಿಮ್ಮಪ್ಪನನ್ನು ಕೇಳಬೇಕು

ಪ್ರೀತಿಯ ಗೆಳೆಯಾ,

ಹೋದ ವಾರ ನೀನು ಕಳಿಸಿದ ಕುದುರೆಮುಖದ ಫೋಟೋ ನೋಡಿದೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ತೆಗೆದದ್ದು ಅಲ್ವಾ? ಮಂಜು, ಹುಲ್ಲುಗುಡ್ಡ, ಮಡಿಕೆಗಳಲ್ಲಿ ಕಪ್ಪಗೆ ಶೋಲಾ ಕಾಡು. ಕೆಳಗೆ ಬರೆದಿದ್ದೆ: "ಇಲ್ಲಿ ಗಣಿ ಇತ್ತು ಅಂದರೆ ಮಕ್ಕಳು ನಂಬಲೇ ಇಲ್ಲ ಮಾರಾಯಾ." ಆ ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ಭಾನುವಾರ ಮಗಳನ್ನು ಕರೆದುಕೊಂಡು ಭದ್ರಾ ಹೊಳೆಗೆ ಹೋಗಿದ್ದೆ. ಹಾಳಾದ ಸ್ಪೀಕರಿನ ಮ್ಯಾಗ್ನೆಟ್ ಅವಳ ಕೈಯಲ್ಲಿತ್ತು. ನಾವು ಮಾಡುತ್ತಿದ್ದ ಹಾಗೆಯೇ ದಾರ ಕಟ್ಟಿ ಮರಳಿನ ಮೇಲೆ ಎಳೆದಳು. ನಾಲ್ಕು ಮಾರು ಹೋಗುವಷ್ಟರಲ್ಲಿ ಮ್ಯಾಗ್ನೆಟ್ಟಿಗೆ ಗಡ್ಡ ಬಂದಿತ್ತು. ಕಪ್ಪು ಪುಡಿ, ಮುಳ್ಳುಹಂದಿಯ ಮೈ ಹಾಗೆ ನೆಟ್ಟಗೆ ನಿಂತಿತ್ತು. ಒರೆಸಲು ಹೋದರೆ ಬೆರಳಿನ ಗೆರೆಯೊಳಗೆ ಕೂರುತ್ತದೆ. ಗುಡ್ಡದಲ್ಲೇ ಕಬ್ಬಿಣದ ಅದಿರಿದೆ, ಹಾಗಾಗಿ ಕರಿಮರಳು ಗಣಿಗೂ ಮುಂಚೆ ಈ ಹೊಳೆಯಲ್ಲಿ ಇದ್ದದ್ದೇ. ಎಲ್ಲವನ್ನೂ ಗಣಿಯ ತಲೆಗೆ ಕಟ್ಟುವುದಿಲ್ಲ ನಾನು. ಆದರೆ ಹೆಬ್ಬಾಳೆ ಸೇತುವೆ ಹತ್ತಿರ ನಿಂತು ನಾವಿಬ್ಬರೂ ನೋಡುತ್ತಿದ್ದ ಆಷಾಢದ ಭದ್ರೆ ನೆನಪಿದೆಯಾ? ಇಟ್ಟಿಗೆ ಪುಡಿ ಕದಡಿದ ಹಾಗೆ. ಅಜ್ಜಿ ಕೊಡದಲ್ಲಿ ನೀರು ತುಂಬಿಟ್ಟು ಬೆಳಗಿನವರೆಗೆ ಕಾಯುತ್ತಿದ್ದರು. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿಕೊಂಡರೆ ತಳದಲ್ಲಿ ಎರಡು ಬೆರಳು ಕೆಸರು.

ಗಣಿಯ ಕೆಲಸ ನಮಗೆ ತಿಳಿಸಿಕೊಟ್ಟದ್ದೇ ನಿಮ್ಮಪ್ಪ. ನಿಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದ್ದರು. ಇದು ಬಡ ಅದಿರು, 100 ಕೆಜಿ ಕಲ್ಲು ಒಡೆದರೆ ಕಬ್ಬಿಣ 40 ಕೆಜಿಯೂ ಇಲ್ಲ. ಹಿಟ್ಟಿನ ಹಾಗೆ ಅರೆದು, ಮ್ಯಾಗ್ನೆಟ್ಟಿನಿಂದ ಕಬ್ಬಿಣದ ಪುಡಿ ಎಳೆದು, ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಬಿಡುತ್ತಿದ್ದರು. ಉಳಿದದ್ದೆಲ್ಲ ಹೂಳಾಗಿ ಲಕ್ಯಾ ಹಳ್ಳಕ್ಕೆ, ಅದಕ್ಕೆ ಅಡ್ಡ ಕಟ್ಟಿದ ಡ್ಯಾಮಿನ ಹಿಂದಕ್ಕೆ. ಇರಾನಿಗೆ ಅದಿರು ಕಳಿಸಲು ಅಂತ ಶುರುವಾದ ಗಣಿ ಅದು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಅವರು ಹಿಂದೆ ಸರಿದರು, ಗುಡ್ಡ ಅಗೆಯುವುದು ಮಾತ್ರ ನಿಲ್ಲಲಿಲ್ಲ. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. ಆಗಲೂ ನಿಲ್ಲಲಿಲ್ಲ.

ವರ್ಷಕ್ಕೆ 6000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಜಾಗದಲ್ಲಿ ಗುಡ್ಡದ ಚರ್ಮ ಸುಲಿದರೆ ಏನಾಗುತ್ತದೆ ಅನ್ನುವುದನ್ನು ಸಂಶೋಧಕರು ಹೊಳೆಯಲ್ಲೇ ಅಳೆದರು. ನೀರು ಹರಿದು ಬರುವ ಪ್ರದೇಶದಲ್ಲಿ ಗಣಿಯ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೊಳೆ ಹೊತ್ತು ತರುತ್ತಿದ್ದ ಹೂಳಿನಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿಂದ ಬರುತ್ತಿತ್ತು. ನಮ್ಮ ಗದ್ದೆಯ ಅಂಚಿಗೆ ಬಂದು ಕೂತದ್ದು, ಲಕ್ಕವಳ್ಳಿಯ ಭದ್ರಾ ಡ್ಯಾಮಿನ ಕಡೆಗೆ ಹೋದದ್ದು ಅದೇ. ಆ ಡ್ಯಾಮಿನ ನೀರಲ್ಲೇ ದಾವಣಗೆರೆ ಕಡೆ ಭತ್ತ ಬೆಳೆಯುತ್ತಾರೆ.

ಆಮೇಲಿನದು ನಿನಗೇ ಗೊತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಮ್ಮನೆಯಲ್ಲಿ ಅವತ್ತು ಪಾಯಸ ಮಾಡಿದ್ದರು. ನಿಮ್ಮನೆ ಸಾಮಾನು ಲಾರಿಗೆ ಹತ್ತಿದ ದಿನ ನಾನು ಬರಲಿಲ್ಲ. ಬರಬೇಕಿತ್ತು. ಗಣಿ ನಿಲ್ಲಬೇಕು ಅಂದದ್ದು ಸರಿ, ಇವತ್ತೂ ಅದೇ ಹೇಳುತ್ತೇನೆ. ಆದರೆ ನಿಮ್ಮ ಶಾಲೆ, ನಿಮ್ಮ ಅಂಗಳದ ಸೀಬೆ ಮರ, ನಿಮ್ಮಪ್ಪನ ಅಷ್ಟು ವರ್ಷದ ಕೆಲಸ, ಎಲ್ಲ ಒಂದೇ ಏಟಿಗೆ ಹೋದಾಗ ನಾನು ಹೊಳೆಯೊಂದನ್ನೇ ಯೋಚಿಸಿದೆ. ಕ್ಷಮಿಸು.

ಹೊಳೆಯದ್ದೂ ಅರ್ಧ ಮಾತ್ರ ಯೋಚಿಸಿದ್ದೆ ಅಂತ ಈಗ ಅನ್ನಿಸುತ್ತಿದೆ. ನಿಂತರೆ ಸಾಕು ಅಂದುಕೊಂಡಿದ್ದೆವು. ಹುಲ್ಲು ಬಂತು, ನಿನ್ನ ಫೋಟೋದಲ್ಲಿ ಕಾಣುವಷ್ಟು ಚಂದವಾಗಿ ಬಂತು. ಆದರೆ ನಿನ್ನ ಫೋಟೋದಲ್ಲಿ ಇಲ್ಲದ ಕಡೆ ಸುಮಾರು 100 ಮೀಟರ್ ಎತ್ತರದ ಲಕ್ಯಾ ಡ್ಯಾಂ ನಿಂತಿದೆ. ಅದರ ಹಿಂದೆ ಕಣಿವೆ ತುಂಬ ಕೋಟಿಗಟ್ಟಲೆ ಟನ್ ಅರೆದ ಕಲ್ಲಿನ ಹೂಳು. ಆ ಹೂಳಿನಡಿ ಹೋದ ಹಳ್ಳ, ಹಳ್ಳದ ಬದಿಯ ಕಾಡು ನಮ್ಮ ಕಾಲಕ್ಕೆ ವಾಪಸ್ ಬರುವುದಿಲ್ಲ. ಹೊಸ ಹೂಳು ಬೀಳುವುದು ನಿಂತಿದೆ, ಮಳೆ ನಿಂತಿಲ್ಲ. ಪ್ರತಿ ಮಳೆಗಾಲದಲ್ಲೂ ಅಷ್ಟೂ ಮಳೆ ಅದರ ಮೇಲೆ ಬೀಳುತ್ತದೆ. ಕೆಳಗೆ ಭದ್ರೆ.

2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಇಂಥದೇ ಕಬ್ಬಿಣದ ಗಣಿಯ ಹೂಳಿನ ಕಟ್ಟೆ ಒಡೆಯಿತು. 270 ಜನ ಸತ್ತರು. ಹೊಸ ಹೂಳು ಬಿಡುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದ ಕಟ್ಟೆ ಅದು. ಎರಡೂ ಒಂದೇ ಬಗೆಯವು ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೆದರಿಸುವುದೂ ಬೇಡ. ಆದರೆ ಆ ಸುದ್ದಿ ಬಂದ ದಿನ ನನಗೆ ನೆನಪಾದದ್ದು ನಿಮ್ಮಪ್ಪ. ಮಳೆಗಾಲದ ರಾತ್ರಿ ರೈನ್‌ಕೋಟ್ ಹಾಕಿಕೊಂಡು, ದೊಡ್ಡ ಟಾರ್ಚ್ ಹಿಡಿದು "ಡ್ಯಾಂ ಕಡೆ ಹೋಗಿ ಬರ್ತೀನಿ" ಅಂತ ಹೊರಡುತ್ತಿದ್ದರಲ್ಲ? ಅಲ್ಲಿ ಏನು ನೋಡುತ್ತಿದ್ದರು? ನೀರು ಯಾವ ಮಟ್ಟಕ್ಕೆ ಬಂದರೆ ಅವರಿಗೆ ಗಾಬರಿಯಾಗುತ್ತಿತ್ತು? ಕಟ್ಟೆಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಏನರ್ಥ, ಕದಡಿ ಬಂದರೆ ಏನರ್ಥ?

ಕಾಗದದಲ್ಲಿ ಇರುವುದನ್ನು ಯಾರಾದರೂ ಓದಿಕೊಳ್ಳಬಹುದು. ಕಣ್ಣಲ್ಲಿ ಕಂಡದ್ದು ನಿಮ್ಮಪ್ಪನಂಥವರ ಹತ್ತಿರವೇ ಉಳಿದಿದೆ, ಅವರೆಲ್ಲ ಬೇರೆ ಬೇರೆ ಊರು ಸೇರಿದ್ದಾರೆ. ಅವರನ್ನು ಕಳಿಸುವಾಗ ನಮ್ಮಲ್ಲಿ ಯಾರೂ ಇದನ್ನು ಕೇಳಲಿಲ್ಲ.

ಒಂದು ಸಂಜೆ ಅವರ ಹತ್ತಿರ ಕೂತು ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ನಾನು ಕೇಳಿದೆ ಅಂತಲೇ ಹೇಳು. ಸಿಟ್ಟಿದ್ದರೆ ಬೈಯಲಿ, ಅದನ್ನೂ ಕಳಿಸು. ಮುಂಗಾರಿಗೆ ಮುಂಚೆ ಸಿಕ್ಕರೆ ಒಳ್ಳೆಯದು.

ನಿನ್ನ,
ಹೊಳೆಬದಿಯ ಗೆಳೆಯ