ಐದನೇ ಕ್ಲಾಸ್ ತನಕ ಊರಲ್ಲೇ ಓದ್ಲಿ, ಆಮೇಲೆ ಬಸ್ ಕೊಡಿ

ಮಾನ್ಯ ಸಂಪಾದಕರೇ,

ಸಣ್ಣ ಸಣ್ಣ ಸರ್ಕಾರಿ ಶಾಲೆಗಳನ್ನ ಹತ್ತಿರದ ದೊಡ್ಡ ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಶಾಲೆಗೆ ಸೇರಿಸೋ ವಿಚಾರ ನಿಮ್ಮ ಪೇಪರ್‌ನಲ್ಲಿ ಬರ್ತಾನೇ ಇದೆ, ಅದಕ್ಕೆ ಬರೋ ಪತ್ರಗಳನ್ನೂ ಓದ್ತಿದೀನಿ. ಕೆಲವರು ತಂದೆ ತಾಯಿಗಳನ್ನೇ ಬೈದಿದಾರೆ, ನಿಮ್ಮ ಕಾನ್ವೆಂಟ್ ಹುಚ್ಚಿಂದನೇ ಸರ್ಕಾರಿ ಶಾಲೆ ಖಾಲಿ ಆಗಿದ್ದು ಅಂತ. ಬೈಸ್ಕೊಂಡವರಲ್ಲಿ ನಾನೂ ಒಬ್ಳು. ದಾವಣಗೆರೆ ತಾಲೂಕು ಆನಗೋಡು ಕಡೆ ಹೈವೇಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮೂರು, ನಾಲ್ಕು ಎಕರೆ ಮೆಕ್ಕೆಜೋಳ ನಮ್ದು. ದೊಡ್ಡ ಮಗನ್ನ ಮೂರೂವರೆ ವರ್ಷಕ್ಕೇ ಹಳದಿ ಬಸ್ ಹತ್ತಿಸಿ ದಾವಣಗೆರೆ ಶಾಲೆಗೆ ಕಳಿಸಿದೋಳು ನಾನು, ಚಿಕ್ಕೋಳನ್ನ ಊರ ಸರ್ಕಾರಿ ಶಾಲೆಗೆ ಹಾಕಿದೋಳೂ ನಾನೇ, ಈಗ ಅದೇ ಶಾಲೆ ಎಸ್‌ಡಿಎಂಸಿ, ಅಂದ್ರೆ ಶಾಲಾ ಉಸ್ತುವಾರಿ ಸಮಿತಿ ಮೆಂಬರ್ ಬೇರೆ. ಎರಡೂ ಕಡೆ ನೋಡಿದೀನಿ, ಅದಕ್ಕೇ ಬರೀತಿದೀನಿ.

ಮೊದಲು ಮಗನ್ನ ಯಾಕೆ ಕಳಿಸಿದೆ ಅಂತ ಹೇಳಿಬಿಡ್ತೀನಿ. ಇಂಗ್ಲಿಷು ಒಂದು ಕಾರಣ ಹೌದು, ಆದ್ರೆ ಅದಕ್ಕಿಂತ ಮುಂಚಿನ ಕಾರಣ ಎಲ್‌ಕೆಜಿ. ನಮ್ಮೂರಲ್ಲಿ ಅಂಗನವಾಡಿ ಇದೆ, ಅಲ್ಲಿ ಟೀಚರ್ ಪಾಪ ಒಬ್ರೇ ಮೊಟ್ಟೆ ಲೆಕ್ಕ, ತೂಕದ ಲೆಕ್ಕ, ಬಾಣಂತಿಯರ ಲೆಕ್ಕ ಬರ್ಕೊಂಡು ಮಕ್ಕಳಿಗೆ ಅ ಆ ಹೇಳಿಕೊಡ್ಬೇಕು. ನಮ್ಮೂರ ಸರ್ಕಾರಿ ಶಾಲೆ ಬಾಗಿಲು ಮಗುಗೆ ತೆರೆಯೋದು ಒಂದನೇ ಕ್ಲಾಸಿಗೆ. ಅಷ್ಟರಲ್ಲಿ ಪ್ರೈವೇಟಿನವ್ರು ಎಲ್‌ಕೆಜಿ ಯುಕೆಜಿ ಅಂತ ಎರಡು ವರ್ಷ ಮುಂಚೇನೇ ಮಗೂನ ಬಸ್ಸಲ್ಲಿ ಕೂರಿಸ್ಕೊಂಡು ಹೋಗಿರ್ತಾರೆ, ಒಂದು ಸಲ ಆ ಬಸ್ ಹತ್ತಿದ ಮಗು ಮತ್ತೆ ಊರ ಶಾಲೆ ಕಡೆ ತಿರುಗಿ ಬರಲ್ಲ, ಯಾಕಂದ್ರೆ ಅಲ್ಲಿ ಫ್ರೆಂಡ್ಸ್ ಆಗಿರ್ತಾರೆ, ಯೂನಿಫಾರ್ಮ್ ಹೊಲಿಸಿರ್ತೀವಿ, ಡೊನೇಷನ್ ಕಟ್ಟಿರ್ತೀವಿ. ಒಂದನೇ ಕ್ಲಾಸಿಗೆ ಮಕ್ಕಳು ಬರ್ತಿಲ್ಲ ಅಂತ ಇಲಾಖೆಯವ್ರು ಕೇಳ್ತಾರಲ್ಲ, ಮಕ್ಕಳು ಹೋಗಿದ್ದು ಅದಕ್ಕಿಂತ ಎರಡು ವರ್ಷ ಮುಂಚೆ.

ಬೆಳಿಗ್ಗೆ 7.20ಕ್ಕೆ ಬಸ್ಸು. ಮಗು ಆರಕ್ಕೇ ಏಳ್ಬೇಕು, ಅರ್ಧ ನಿದ್ದೇಲಿ ಎರಡು ತುತ್ತು ತಿನ್ನಿಸಿ ಓಡಿಸ್ತಿದ್ದೆ. ಬಸ್ಸು ಏಳೆಂಟು ಹಳ್ಳಿ ಸುತ್ತಿ ಹೋಗೋದು, ಹದಿನೈದು ಕಿಲೋಮೀಟರ್ ದಾರಿಗೆ ಒಂದು ಗಂಟೆ ಮೇಲೆ ಹಿಡಿಯೋದು. ಸಂಜೆ 5.30ಕ್ಕೆ ಮನೆಗೆ ಬಂದ್ರೆ ಬೂಟು ಬಿಚ್ಚೋ ಮುಂಚೆ ನಿದ್ದೆ. ಊರಲ್ಲಿ ಅವನ ವಯಸ್ಸಿನ ಹುಡುಗ್ರ ಹೆಸರೇ ಅವನಿಗೆ ಗೊತ್ತಿರ್ಲಿಲ್ಲ. ಇದು ನನಗೆ ತುಂಬಾ ಹೊಟ್ಟೆ ಉರಿದ ವಿಷಯ, ಪಕ್ಕದ ಓಣಿ ಹುಡುಗ ಯಾರು ಅಂತ ನನ್ನ ಮಗ ನನ್ನ ಕೇಳಿದ್ದ.

ಎರಡನೇ ಕ್ಲಾಸಲ್ಲಿದ್ದಾಗ ಒಂದಿನ ಜುಲೈ ಮಳೆ. ನಮ್ಮೂರ ರಸ್ತೆ ಕೆಸರಾಗಿದೆ ಅಂತ ಬಸ್ಸಿನವ್ರು ಒಳಗೆ ಬರ್ಲೇ ಇಲ್ಲ, ಹೈವೇ ಸರ್ವೀಸ್ ರೋಡಲ್ಲೇ ಮೂರು ಮಕ್ಕಳನ್ನ ಇಳಿಸಿ ಹೋಗಿಬಿಟ್ರು, ಒಂದು ಫೋನೂ ಮಾಡ್ಲಿಲ್ಲ. ಮೂರು ಮಕ್ಕಳು ಕೈ ಕೈ ಹಿಡ್ಕೊಂಡು ಮಳೇಲಿ ಎರಡು ಕಿಲೋಮೀಟರ್ ನಡ್ಕೊಂಡು ಬಂದ್ವು. ಆ ಹೈವೇಲಿ ಲಾರಿ ಹೆಂಗೆ ಓಡ್ತವೆ ಅಂತ ಚಿತ್ರದುರ್ಗ ದಾವಣಗೆರೆ ಮಧ್ಯೆ ಓಡಾಡೋರಿಗೆಲ್ಲ ಗೊತ್ತು. ಮಾರನೇ ದಿನ ಶಾಲೆಗೆ ಹೋಗಿ ಕೇಳಿದ್ರೆ ಬಸ್ಸು ಕಾಂಟ್ರ್ಯಾಕ್ಟ್‌ನವರದು ಮೇಡಂ, ಅವರನ್ನೇ ಕೇಳಿ ಅಂದ್ರು. ಸುಪ್ರೀಂ ಕೋರ್ಟು 1997ರಲ್ಲೇ ಹೇಳಿದೆ, ಶಾಲೆ ಬಸ್ಸಲ್ಲಿ ಡ್ರೈವರ್ ಜೊತೆ ಮಕ್ಕಳನ್ನ ನೋಡ್ಕೊಳ್ಳೋಕೆ ತರಬೇತಿ ಇರೋ ಇನ್ನೊಬ್ರು ಇರ್ಬೇಕು, ಸ್ಪೀಡ್ 40 ದಾಟಬಾರ್ದು, ಬಾಡಿಗೆ ಬಸ್ಸಾದ್ರೂ ಶಾಲಾ ಕರ್ತವ್ಯ ಅಂತ ಬರೆದಿರ್ಬೇಕು ಅಂತ. ನಮ್ಮ ಮಕ್ಕಳ ಬಸ್ಸಲ್ಲಿ ಡ್ರೈವರ್ ಬಿಟ್ರೆ ಇನ್ನೊಬ್ರು ಇದ್ದಿದ್ದು ಅಡ್ಮಿಷನ್ ಟೈಮಲ್ಲಿ ಮಾತ್ರ.

2023ರ ಬರದಲ್ಲಿ ಜೋಳ ಕೈಕೊಡ್ತು. ಮಗನ ಫೀಸು, ಬಸ್ ಫೀಸು ಎರಡೂ ಸಾಲ ಮಾಡಿ ಕಟ್ಟಿದ್ವಿ. ಮರುವರ್ಷ ಮಗಳನ್ನ ಊರ ಶಾಲೆಗೆ ಒಂದನೇ ಕ್ಲಾಸಿಗೆ ಹಾಕಿದೆ. ಅತ್ತೆ ಒಂದು ವಾರ ಮಾತಾಡ್ಲಿಲ್ಲ, ಗಂಡುಮಗನಿಗೆ ಕಾನ್ವೆಂಟು ಹೆಣ್ಣುಮಗೀಗೆ ಸರ್ಕಾರಿ ಶಾಲೆನಾ ಅಂತ. ಅವರು ಕೇಳಿದ್ದು ತಪ್ಪಲ್ಲ, ಎಷ್ಟೋ ಮನೆಗಳಲ್ಲಿ ಹಂಗೇ ನಡೆಯೋದು, ನಮ್ಮನೇಲೂ ದುಡ್ಡಿಲ್ಲದಾಗ ಮೊದಲು ಕತ್ತರಿ ಬಿದ್ದಿದ್ದು ಹುಡುಗೀಗೇ. ಅದನ್ನ ನಾನು ಮುಚ್ಚಿಡಲ್ಲ.

ಆದ್ರೆ ಅಲ್ಲಿ ಹೋಗಿ ನೋಡಿದ್ಮೇಲೆ ನನ್ನ ತಲೇಲಿದ್ದ ಎಷ್ಟೋ ವಿಷಯ ಬದಲಾಯ್ತು. ಒಂದು ಎರಡು ಮೂರು ಒಟ್ಟಿಗೆ ಕೂರಿಸೋ ನಲಿ-ಕಲಿ ನೋಡಿ ನನಗೂ ಮೊದಲು ಇದೇನು ಆಟ ಆಡಿಸ್ತಾರೆ ಅನ್ನಿಸಿತ್ತು, ನೋಟ್‌ಬುಕ್ ತುಂಬಾ ಬರೆಸೋದನ್ನ ನೋಡಿ ಅಭ್ಯಾಸ ಆಗಿದ್ದೋರು ನಾವು. ಆಮೇಲೆ ಮಿಸ್ ಕೂರಿಸ್ಕೊಂಡು ತೋರಿಸಿದ್ರು, ಯಾವ ಮಗು ಯಾವ ಮೆಟ್ಟಿಲಲ್ಲಿದೆ, ಯಾವುದು ಬಂದ್ಮೇಲೆ ಮುಂದಿನ ಕಾರ್ಡ್ ತಗೊಳ್ಬೇಕು ಅಂತ. ಆಂಧ್ರದ ರಿಷಿ ವ್ಯಾಲಿ ಶಾಲೆಗಳಲ್ಲಿ ಕಲಿಸೋ ರೀತಿ ನೋಡ್ಕೊಂಡು ಬಂದು, 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ಕಡೆ ಶಾಲೆಗಳಲ್ಲಿ ಶುರು ಮಾಡಿದ್ದಂತೆ. ಮಗಳು ಎರಡನೇ ಕ್ಲಾಸಿಗೆ ಬರೋಷ್ಟರಲ್ಲಿ ಕನ್ನಡ ಪೇಪರ್ ತಲೆಬರಹ ಓದೋಕೆ ಶುರು ಮಾಡಿದ್ಲು, ಅಣ್ಣ ಇನ್ನೂ ಒತ್ತಕ್ಷರಕ್ಕೆ ತಡವರಿಸ್ತಾನೆ. ಮಧ್ಯಾಹ್ನ ಬಿಸಿ ಊಟ, ಮೊಟ್ಟೆ, ಹಾಲು. ಸಂಜೆ ಮನೆಗೆ ಬಂದು ಆಟಕ್ಕೆ ಓಡ್ತಾಳೆ, ನಿದ್ದೆಗೆ ಬೀಳಲ್ಲ.

ಹಂಗಾದ್ರೆ ಎಲ್ಲಾ ಸರಿ ಇದೆಯಾ ಅಂದ್ರೆ ಇಲ್ಲ. ನಮ್ಮ ಶಾಲೇಲಿ ಒಂದರಿಂದ ಐದು, 31 ಮಕ್ಕಳು, ಇಬ್ರು ಟೀಚರ್ರು. ಕಾನೂನು ಪ್ರಕಾರ ಅದು ಸರಿ ಅಂತೆ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೇಲಿ ಒಂದರಿಂದ ಐದಕ್ಕೆ 60 ಮಕ್ಕಳ ತನಕ ಇಬ್ರು ಟೀಚರ್ ಸಾಕು, 61 ಆದ್ರೆ ಮೂರನೇವ್ರು. ಆರರಿಂದ ಎಂಟಕ್ಕೆ ಮಾತ್ರ ಕ್ಲಾಸಿಗೆ ಒಬ್ಬರಾದ್ರೂ ಇರ್ಬೇಕು ಅಂತ ಇದೆ. ಅಂದ್ರೆ ದೊಡ್ಡ ಮಕ್ಕಳಿಗೆ ಕ್ಲಾಸ್ ಎಣಿಸ್ತಾರೆ, ಚಿಕ್ಕ ಮಕ್ಕಳಿಗೆ ತಲೆ ಎಣಿಸ್ತಾರೆ. ಅಕ್ಷರ ಕಲಿಯೋ ಮಗೂಗೆ ಟೀಚರ್ ಜಾಸ್ತಿ ಬೇಕೋ ಕಮ್ಮಿ ಬೇಕೋ ಯಾರಾದ್ರೂ ತಾಯೀನ ಕೇಳಿದ್ರೆ ಹೇಳ್ತಿದ್ಲು. ಆ ಇಬ್ರಲ್ಲಿ ಒಬ್ರು ಹೆಡ್ ಮಿಸ್ಸು, ಅವರಿಗೆ ಮೀಟಿಂಗು, ಟ್ರೈನಿಂಗು, ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಎಲೆಕ್ಷನ್ ಕೆಲಸ. 2025ರಲ್ಲಂತೂ ಜಾತಿ ಸಮೀಕ್ಷೆಗೆ ಟೀಚರ್‌ಗಳನ್ನ ಹಾಕಿ ದಸರಾ ರಜೇನ ಅಕ್ಟೋಬರ್ 18ರ ತನಕ ಎಳೆದ್ರು. ಒಬ್ರು ಹೊರಗೆ ಹೋದ ದಿನ ಐದು ಕ್ಲಾಸಿಗೆ ಒಬ್ರೇ. ಅದನ್ನ ಕಟ್ಟೆ ಮೇಲೆ ಕೂತೋರು ನೋಡ್ತಾರೆ, ಮುಂದಿನ ಜೂನಲ್ಲಿ ಇನ್ನಿಬ್ರು ಮಕ್ಕಳು ಹಳದಿ ಬಸ್ ಹತ್ತಿರ್ತಾರೆ. ಮಕ್ಕಳು ಕಮ್ಮಿಯಾದ್ರು ಅಂತ ಟೀಚರನ್ನ ಹೆಚ್ಚುವರಿ ಅಂತ ಲೆಕ್ಕ ಹಾಕಿ ಬೇರೆ ಕಡೆ ಕಳಿಸ್ತಾರೆ, ಟೀಚರ್ ಹೋದ್ರು ಅಂತ ಮತ್ತೆ ಮಕ್ಕಳು ಹೋಗ್ತಾರೆ. ಆಮೇಲೆ ಒಂದಿನ ಸುತ್ತಲಿನ ಶಾಲೆಗಳ ಕ್ಲಸ್ಟರ್ ಮೀಟಿಂಗಲ್ಲಿ ನಮ್ಮನ್ನ ಕೂರಿಸಿ ನಿಮ್ಮೂರಲ್ಲಿ ಮಕ್ಕಳೇ ಇಲ್ವಲ್ಲಮ್ಮ, ದೊಡ್ಡ ಶಾಲೆಗೆ ಸೇರ್ಕೊಳ್ಳಿ, ಬಸ್ ಕೊಡ್ತಾರೆ ಅಂತಾರೆ.

ಊರಲ್ಲಿ ಉಳ್ಕೊಂಡಿರೋ 31 ಮಕ್ಕಳು ಯಾರು ಅಂತಲೂ ಹೇಳ್ಬೇಕು. ಹೆಚ್ಚಿನವ್ರು ಕಾಲೋನಿ ಮಕ್ಕಳು, ಕೂಲಿಗೆ ಹೋಗೋರ ಮಕ್ಕಳು, ತಾಯಿ ಒಬ್ಳೇ ಸಾಕ್ತಿರೋ ಮನೆ ಮಕ್ಕಳು. ಬೆಳಿಗ್ಗೆ ಬಸ್ಸು ಬಂದಾಗ ಊರು ಎರಡು ಭಾಗ ಆಗುತ್ತೆ, ಹತ್ತೋರು ಒಂದು ಕಡೆ, ನೋಡ್ಕೊಂಡು ನಿಲ್ಲೋರು ಒಂದು ಕಡೆ. ನನ್ನ ಅಕ್ಕನ ಮಗಳು ದಾವಣಗೆರೇಲಿ ಬಿಎಡ್ ಮಾಡ್ತಿದಾಳೆ, ಅವಳು ಅಮೆರಿಕದ ಕಥೆ ಹೇಳಿದ್ಲು. ಅಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಲಿಂಡಾ ಬ್ರೌನ್ ಅಂತ ಕಪ್ಪು ಜನರ ಹುಡುಗಿ, ಮನೆ ಹತ್ತಿರ ಏಳು ಬೀದಿ ಆಚೆ ಶಾಲೆ ಇದ್ರೂ ಅದು ಬಿಳಿಯರಿಗೆ ಅಂತ ಸೇರಿಸ್ಕೊಳ್ಳದೆ ಬಸ್ಸಲ್ಲಿ ದೂರದ ಶಾಲೆಗೆ ಹೋಗ್ಬೇಕಿತ್ತು. ಆ ಕೇಸಲ್ಲೇ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಣ್ಣ ನೋಡಿ ಶಾಲೆ ಬೇರೆ ಮಾಡೋದು ತಪ್ಪು ಅಂದಿದ್ದು. ಆಮೇಲೆ 1971ರಲ್ಲಿ ಅದೇ ಕೋರ್ಟು, ಮಕ್ಕಳನ್ನ ಬೆರೆಸೋಕೆ ಬೇಕಾದ್ರೆ ಒಂದು ಕಡೆ ಮಕ್ಕಳನ್ನ ಬಸ್ಸಲ್ಲಿ ಇನ್ನೊಂದು ಕಡೆ ಶಾಲೆಗೆ ಕಳಿಸಬಹುದು ಅಂತ ಹೇಳ್ತು. 1974ರಲ್ಲಿ ಬಾಸ್ಟನ್‌ನಲ್ಲಿ ಕಪ್ಪು ಮಕ್ಕಳಿದ್ದ ಬಸ್ಸಿಗೆ ಬಿಳಿಯರು ಕಲ್ಲು ಹೊಡೆದ್ರಂತೆ, ನಮ್ಮ ಬಡಾವಣೆ ಶಾಲೆ ನಮಗಿರ್ಲಿ ಅಂತ ಕೂಗಿದ್ರಂತೆ, ಎಷ್ಟೋ ಜನ ಮಕ್ಕಳನ್ನ ಪ್ರೈವೇಟ್ ಶಾಲೆಗೆ ಹಾಕಿದ್ರಂತೆ, ಊರೇ ಬಿಟ್ಟು ಹೋದ್ರಂತೆ. ಅದನ್ನ ಕೇಳಿ ನನಗೆ ಎರಡು ದಿನ ತಲೇಲಿ ಅದೇ ಓಡ್ತಿತ್ತು. ಅಲ್ಲಿ ಅಷ್ಟು ಜಗಳ ಆದ್ರೂ ಬಸ್ ಬಿಟ್ಟಿದ್ದು ಮಕ್ಕಳನ್ನ ಸೇರಿಸೋಕೆ. ನಮ್ಮೂರಿಗೆ ಬರೋ ಬಸ್ಸು ಯಾವ ಕೋರ್ಟೂ ಹೇಳದೆ, ಯಾರೂ ಕಲ್ಲು ಹೊಡೆಯದೆ, ದಿನಾ ಬೆಳಿಗ್ಗೆ ಮಕ್ಕಳನ್ನ ಬೇರೆ ಮಾಡ್ತಿದೆ.

ನಮ್ಮಲ್ಲೂ ಬೆರೆಸೋಕೆ ಒಂದು ದಾರಿ ಇತ್ತು. ಆರ್‌ಟಿಇಯಲ್ಲಿ ಪ್ರೈವೇಟ್ ಶಾಲೆಗಳು 25 ಪರ್ಸೆಂಟ್ ಸೀಟು ಬಡವರ ಮಕ್ಕಳಿಗೆ ಕೊಡ್ಬೇಕು ಅಂತ, ಆ ಫೀಸನ್ನ ಸರ್ಕಾರ ಕಟ್ಟೋದು. 2019ರಲ್ಲಿ ಕರ್ನಾಟಕದಲ್ಲಿ ನಿಯಮ ಬದಲಾಯ್ಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆ ಸೀಟು ಇಲ್ಲ ಅಂತ ಮಾಡಿದ್ರು, ಹೈಕೋರ್ಟೂ ಅದನ್ನ ಒಪ್ಪಿತು. ಸರ್ಕಾರಿ ಶಾಲೆ ಉಳೀಬೇಕು ಅನ್ನೋದು ಕಾರಣ, ಆ ಕಾರಣ ನನಗೂ ಒಪ್ಪಿಗೆಯೇ. ಆದ್ರೆ ನಿನಗೆ ಹತ್ತಿರದಲ್ಲಿ ಸರ್ಕಾರಿ ಶಾಲೆ ಇದೆ, ಪ್ರೈವೇಟ್ ಸೀಟು ಬೇಡ ಅಂತ ಬಡವರಿಗೆ ಹೇಳಿದ್ಮೇಲೆ, ಆ ಹತ್ತಿರದ ಶಾಲೇನೂ ಮುಚ್ತೀವಿ ಅಂದ್ರೆ ಅವರು ಎಲ್ಲಿಗೆ ಹೋಗ್ಬೇಕು? ದುಡ್ಡಿರೋರಿಗೆ ಆಯ್ಕೆ ಇದೆ. 2014ರಲ್ಲಿ ಸುಪ್ರೀಂ ಕೋರ್ಟು ಮಗು ಪ್ರೈಮರೀಲಿ ಯಾವ ಭಾಷೇಲಿ ಓದ್ಬೇಕು ಅನ್ನೋದು ತಂದೆ ತಾಯಿ ಆಯ್ಕೆ ಅಂತ ಹೇಳಿದ್ದು ನಮ್ಮ ರಾಜ್ಯದ ಕೇಸಲ್ಲೇ. ಸರಿ, ಆದ್ರೆ ಕಾಲೋನಿ ತಾಯಿಗೆ ಆಯ್ಕೆ ಅಂದ್ರೆ ಊರ ಶಾಲೆ ಒಂದೇ, ಅದು ಚೆನ್ನಾಗಿರ್ಬೇಕು ಅಷ್ಟೇ ಅವಳು ಕೇಳೋದು. ನನ್ನಂಥ ಮಧ್ಯದವ್ರು ಕೂಡ ಮೂರು ಟೀಚರ್, ಒಂದು ಎಲ್‌ಕೆಜಿ ಊರಲ್ಲಿದ್ರೆ ಸಾಲ ಮಾಡಿ ಬಸ್ ಹತ್ತಿಸ್ತಿರ್ಲಿಲ್ಲ.

ಕೆಪಿಎಸ್ ಬೇಡ ಅಂತ ನಾನು ಹೇಳ್ತಿಲ್ಲ. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡಲ್ಲಿ, ಸಬ್ಜೆಕ್ಟಿಗೊಬ್ಬ ಟೀಚರ್, ಲ್ಯಾಬು, ಮೈದಾನ ಅಂದ್ರೆ ಯಾವ ತಾಯಿಗೆ ಬೇಡ. ಹತ್ತು ಹನ್ನೊಂದು ವರ್ಷದ ಮಗು ಬಸ್ಸಲ್ಲಿ ಹೋಗಬಲ್ಲದು, ಫೋನ್ ನಂಬರ್ ಹೇಳಬಲ್ಲದು, ಯಾರಾದ್ರೂ ಹೈವೇಲಿ ಇಳಿಸಿದ್ರೆ ಜಗಳ ಮಾಡಬಲ್ಲದು. ಆರು ವರ್ಷದ್ದಕ್ಕೆ ಆಗಲ್ಲ. ಅದಕ್ಕೇ ಆರ್‌ಟಿಇ ನಿಯಮದಲ್ಲೂ ಐದನೇ ಕ್ಲಾಸ್ ತನಕ ಒಂದು ಕಿಲೋಮೀಟರ್ ಒಳಗೆ, ಎಂಟನೇ ತನಕ ಮೂರು ಕಿಲೋಮೀಟರ್ ಒಳಗೆ ಶಾಲೆ ಇರ್ಬೇಕು ಅಂತ ಇಟ್ಟಿರೋದು. ಐದನೇ ಕ್ಲಾಸ್ ತನಕ ಊರಲ್ಲೇ ಬಿಡಿ, ಮಕ್ಕಳು 20 ಇರ್ಲಿ 30 ಇರ್ಲಿ ಮೂರನೇ ಟೀಚರ್ ಕೊಡಿ, ಅಂಗನವಾಡೀನ ಶಾಲೆ ಅಂಗಳಕ್ಕೇ ತಂದು ಎಲ್‌ಕೆಜಿ ಯುಕೆಜಿ ಪಾಠ ಹೇಳೋಕೆ ಬೇರೆ ಒಬ್ರನ್ನ ಹಾಕಿ. ಆರನೇ ಕ್ಲಾಸಿಂದ ದೊಡ್ಡ ಶಾಲೆಗೆ ಖುಷಿಯಿಂದ ಕಳಿಸ್ತೀವಿ.

ಬಸ್ ಕೊಡ್ತೀವಿ ಅನ್ನೋದನ್ನೂ ಬಾಯಿಮಾತಲ್ಲಿ ಬೇಡ, ಬರೆದು ಕೊಡಿ. ಎಷ್ಟು ವರ್ಷ ಕೊಡ್ತೀರಿ, ಡೀಸೆಲ್ ದುಡ್ಡು ಯಾವ ಲೆಕ್ಕದಿಂದ, ಜೊತೇಲಿ ಆಯಾ ಇರ್ತಾರಾ, ಕೆಟ್ಟು ನಿಂತ ದಿನ ಏನು. ಸೈಕಲ್ ಕೊಡೋದು 2006ರಲ್ಲಿ ಶುರುವಾಗಿ ಎಷ್ಟು ಹೆಣ್ಣುಮಕ್ಕಳನ್ನ ಹೈಸ್ಕೂಲು ಮುಟ್ಟಿಸಿತ್ತು, ಕೊರೊನಾ ಬಂದಾಗ ನಿಂತ್ಹೋಯ್ತು. ಬಸ್ಸೂ ಹಂಗೇ ನಿಂತ್ರೆ ಮುಚ್ಚಿದ ಶಾಲೆ ವಾಪಸ್ ಬರುತ್ತಾ? ಕೇಂದ್ರದ ಸಮಗ್ರ ಶಿಕ್ಷಣ ಯೋಜನೇಲಿ ದೂರದಿಂದ ಬರೋ ಮಗೂಗೆ ವರ್ಷಕ್ಕೆ 6,000 ರೂಪಾಯಿ ತನಕ ಸಾರಿಗೆ ಖರ್ಚು ಕೊಡೋಕೆ ಅವಕಾಶ ಇದೆ, ನಾನು ಮಗನ ಬಸ್ಸಿಗೆ ಕಟ್ಟೋದು 14,000. ಆ ಲೆಕ್ಕದಲ್ಲಿ ಯಾರು ಬಸ್ ಓಡಿಸ್ತಾರೆ ಅಂತ ಯೋಚನೆ ಮಾಡಿ ಹೇಳಿ.

ಇದೆಲ್ಲ ಬೆಂಗಳೂರಲ್ಲಿ ಆಗ್ಬೇಕಾದ ಕೆಲಸ, ಟೈಮ್ ಹಿಡಿಯುತ್ತೆ. ಇಲ್ಲೇ ಆಗೋ ಒಂದು ಕೆಲಸ ಇದೆ. ನಮ್ಮೂರಿಂದ ಆರನೇ ಕ್ಲಾಸಿಗೆ ಹೋಗೋ ಮಕ್ಕಳು ಈಗ್ಲೂ ಹೋಬಳಿ ಶಾಲೆಗೇ ಹೋಗೋದು. ಕೆಎಸ್‌ಆರ್‌ಟಿಸಿ ಬಸ್ಸು ನಮ್ಮ ಕ್ರಾಸಿಗೆ ಬೆಳಿಗ್ಗೆ 8.10ಕ್ಕೆ ಒಂದು ಬಂದ್ರೆ ಇನ್ನೊಂದು 11ಕ್ಕೆ, ಶಾಲೆ ಶುರುವಾಗೋದು 10ಕ್ಕೆ. ಎಕ್ಸ್‌ಪ್ರೆಸ್‌ಗಳು ನಿಲ್ಸಲ್ಲ. 2023ರ ಜೂನಿಂದ ಹುಡುಗೀರಿಗೆ ಟಿಕೆಟ್ ಇಲ್ಲ, ಹುಡುಗ್ರ ಹತ್ರ ಪಾಸಿದೆ, ಬಸ್ಸೇ ಇಲ್ಲ. ಹೋಗೋ ಲಗೇಜ್ ಆಟೋಗೆ ಕೈ ಅಡ್ಡ ಹಾಕಿ ನಿಲ್ಸಿ ಹತ್ಕೊಂಡು ಹೋಗ್ತಾರೆ. ಒಳಗಿನ ಹಳ್ಳಿಗಳನ್ನ ಸುತ್ತಿ 9.15ಕ್ಕೆ ನಮ್ಮ ಕ್ರಾಸಿಗೆ ಬಂದು, ಸಂಜೆ 4.30ಕ್ಕೆ ವಾಪಸ್ ಹೊರಡೋ ಒಂದು ಬಸ್ ದಾವಣಗೆರೆ ಡಿಪೋದವ್ರು ಬಿಟ್ರೆ ನಾಲ್ಕು ಹಳ್ಳಿ ಮಕ್ಕಳಿಗೆ ಸಾಕು. ನಾಲ್ಕೂ ಊರ ಎಸ್‌ಡಿಎಂಸಿಯವ್ರು ಸಹಿ ಹಾಕಿದ ಅರ್ಜಿ ರೆಡಿ ಇದೆ, ಈ ಸೋಮವಾರ ಡಿಪೋಗೆ ಒಂದು ಕಾಪಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ಕಾಪಿ ಕೊಡ್ತಿದೀವಿ.

ಇಂತಿ,
ಒಬ್ಬ ತಾಯಿ, ಎಸ್‌ಡಿಎಂಸಿ ಸದಸ್ಯೆ
ಆನಗೋಡು ಹೋಬಳಿ, ದಾವಣಗೆರೆ ತಾಲೂಕು