ಅಂಗಡಿಗಿಂತ ಮೊದಲು ಕಾಫಿ ಕಣ ತೋರಿಸೋಣ

ಮಾನ್ಯರೇ,

ಕೊಡಗಿಗೆ ಬಂದವರಿಗೆ ನಾವು ತೋರಿಸುವುದು ಅಬ್ಬಿ, ರಾಜಾಸೀಟು, ದುಬಾರೆ. ಆಮೇಲೆ ಸೀದಾ ಅಂಗಡಿ. ಅಲ್ಲಿ 'ಕೂರ್ಗ್ ಕಾಫಿ' ಅಂತ ಬರೆದ ಪೊಟ್ಟಣ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಪುಡಿಯಲ್ಲಿ ಚಿಕೋರಿ (ಹುರಿದ ಬೇರಿನ ಪುಡಿ) ಶೇ 49ರವರೆಗೂ ಇರಬಹುದು, ಆದರೆ ಎಷ್ಟಿದೆ ಅಂತ ಬರೆದಿರಬೇಕು. ಮೊನ್ನೆ ಒಂದು ಅಂಗಡಿಯಲ್ಲಿ ಕೇಳಿದರೆ, 'ಅದೆಲ್ಲ ಯಾರು ನೋಡ್ತಾರೆ ಆಂಟಿ' ಅಂದರು!

ಮಗಳು ಜಪಾನಿನಲ್ಲಿದ್ದಾಳೆ. ಈ ಸಲ ಕೊಯ್ಲು ಮುಗಿಸಿ ಹೋದಾಗ ತೊಬಾದ ಮಿಕಿಮೊಟೊ ಮುತ್ತಿನ ದ್ವೀಪ ನೋಡಿದೆ. ಅಲ್ಲೂ ಅಂಗಡಿ ಇದೆ, ಬೆಲೆಯೂ ಜಾಸ್ತಿ. ಆದರೆ ಮುತ್ತು ಹೇಗೆ ಬೆಳೆಯುತ್ತದೆ ಅಂತ ಪೂರ್ತಿ ತೋರಿಸುತ್ತಾರೆ. ಸಿಹಿನೀರಿನ ಚಿಪ್ಪನ್ನು ಕತ್ತರಿಸಿ ಉಜ್ಜಿ ಮಾಡಿದ ಗುಂಡು ಮಣಿ, ಜೊತೆಗೆ ಇನ್ನೊಂದು ಚಿಪ್ಪಿನ ಜೀವಿಯಿಂದ ಕತ್ತರಿಸಿದ ಚೂರು ಮಾಂಸ. ಎರಡನ್ನೂ ಜೀವಂತ ಚಿಪ್ಪಿನೊಳಗೆ ಸೇರಿಸಿ ಮತ್ತೆ ಸಮುದ್ರಕ್ಕೆ ಬಿಡುತ್ತಾರೆ. ಎಷ್ಟೋ ಸಾಯುತ್ತವೆ. ಉಳಿದವುಗಳಲ್ಲೂ ಎಲ್ಲ ಮುತ್ತು ಚೆನ್ನಾಗಿರುವುದಿಲ್ಲ.

ಇಲ್ಲಿ ಮುತ್ತಿನ ಕೃಷಿ ಶುರುಮಾಡಿದ ಮಿಕಿಮೊಟೊ ಕೊಕಿಚಿ ನೂಡಲ್ಸ್ ಅಂಗಡಿಯವರ ಮಗ. 1892ರಲ್ಲಿ ಸೂಕ್ಷ್ಮ ಪಾಚಿ ಹೆಚ್ಚಿ ಸಮುದ್ರದ ನೀರು ಕೆಂಪಾಗಿ ಅವರ ಚಿಪ್ಪುಗಳಲ್ಲಿ ಹೆಚ್ಚಿನವು ಸತ್ತವು. ಈ ದ್ವೀಪದ ಹತ್ತಿರ ಬಿಟ್ಟವು ಮಾತ್ರ ಉಳಿದವು. ಮರುವರ್ಷ ಅವುಗಳಲ್ಲಿ ಅರ್ಧ ಗುಂಡಗಿನ ಮುತ್ತು ಸಿಕ್ಕಿತು. ಬೋರರ್ (ಕಾಂಡ ಕೊರೆಯುವ ಹುಳ) ಹತ್ತಿದ ಅರೇಬಿಕಾ ಕಾಫಿ ಗಿಡ ಕಿತ್ತು ಸುಟ್ಟ ನಮಗೆ ಈ ಕಷ್ಟ ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದೆ ಯುರೋಪಿನ ವ್ಯಾಪಾರಿಗಳು ಹೀಗೆ ಬೆಳೆಸಿದ ಮುತ್ತು ನಕಲಿ ಅಂತ ಜಗಳ ತೆಗೆದರು. ಮಿಕಿಮೊಟೊ ಅವರೋ 1932ರಲ್ಲಿ ಕೋಬೆಯಲ್ಲಿ ಕಳಪೆ ಮುತ್ತುಗಳನ್ನು ಎಲ್ಲರೆದುರೇ ಬೆಂಕಿಗೆ ಹಾಕಿದರು. ಪ್ರಚಾರವೂ ಇತ್ತು ಅನ್ನಿ. ಆದರೂ ಹೆಸರಿನ ಮೇಲೆ ಎಂಥ ಕಾಳಜಿ!

ಬಿಳಿ ಬಟ್ಟೆಯ ಆಮಾ ಹೆಂಗಸರು ಆಕ್ಸಿಜನ್ ಸಿಲಿಂಡರ್ ಇಲ್ಲದೆ ಮುಳುಗುವುದನ್ನೂ ನೋಡಿದೆ. ಹಿಂದೆ ಚಿಪ್ಪು ಹೆಕ್ಕಿ ತರುತ್ತಿದ್ದವರು ಇವರೇ. ಈಗ ಮುತ್ತಿನ ಕೃಷಿಗೆ ಅವರು ಬೇಕಿಲ್ಲ. ಆದರೂ ಅವರ ಕೆಲಸವನ್ನು ಜನ ನಿಂತು ನೋಡುವ ಹಾಗೆ ಉಳಿಸಿಕೊಂಡಿದ್ದಾರೆ.

ನಮ್ಮಲ್ಲಿ ಯಾಕಾಗಬಾರದು? ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಪ್ರವಾಸೋದ್ಯಮ ಇಲಾಖೆ, ಕಾಫಿ ಮಂಡಳಿ, ಬೆಳೆಗಾರರು ಒಟ್ಟಿಗೆ ಕೂತು ಮಾತಾಡಲಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹೋಬಳಿಗೆ ಒಂದು ಕಣವನ್ನಾದರೂ ಪ್ರವಾಸಿಗರಿಗೆ ತೆರೆದಿಡೋಣ. ಹಣ್ಣು ಕೊಯ್ಯುವುದು, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕುವುದು, ಒಣಗಿಸುವುದು, ಕಪ್ಪಾದ ಬೀಜ ಹೆಕ್ಕಿ ಬಿಸಾಡುವುದು, ಎಲ್ಲ ನೋಡಲಿ. ಚಿಕೋರಿ ಹಾಕಿದ್ದು, ಹಾಕದ್ದು ಎರಡನ್ನೂ ಕುಡಿಸೋಣ. ಟಿಕೆಟ್ ಇಡಲಿ. ಕೆಲಸ ತೋರಿಸುವ ಹೆಂಗಸರಿಗೆ ಆ ಹೊತ್ತಿನ ಕೂಲಿಯನ್ನು ಮೊದಲು ಅದರಿಂದಲೇ ಕೊಡಬೇಕು.

– ಕಾಫಿ ಬೆಳೆಗಾರ್ತಿ, ನಾಪೋಕ್ಲು